ಇಲ್ಲಿ ಮರೆಯಾಗಿ ಅಲ್ಲಿ ಮೂಡುವ ಕನಸು

ಕಡೂರು ತಾಲ್ಲೂಕಿನ ಯಗಟಿ ಬಯಲುಸೀಮೆಯ ಒಂದು ಊರು. ರಾಗಿಯ ಹೊಲ, ತೆಂಗಿನ ತೋಟಗಳ ನಡುವೆ ಅಲ್ಲಿನ ಜನಜೀವನ ಸಾಗುತ್ತದೆ. ಆ ಊರಿನವರು ಬೆಂಗಳೂರಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಕಡೂರನ್ನು ಸೇರಿ, ಅಲ್ಲಿಂದ ರೈಲನ್ನೋ ಮತ್ತೊಂದು ಬಸ್ಸನ್ನೋ ಹಿಡಿಯುತ್ತಾರೆ. ದಾರಿ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಆ ಊರಿನ ಶಾಲಾ ಬಾಲಕಿಯೊಬ್ಬಳ ಅಜ್ಜಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಳೆ ಎಂದು ಭಾವಿಸೋಣ. "ಮಗು ಬಂದಳೆ?" ಎಂದು ಅಜ್ಜಿ ಮತ್ತೆ ಮತ್ತೆ ಕೇಳುತ್ತಿರುವ ಸುದ್ದಿ ದೂರವಾಣಿಯಲ್ಲಿ ಬಂದಿದೆ. ಬೆಳಗಿನ ಬಸ್ಸಿಗೆ ಇನ್ನೂ ಒಂದು ರಾತ್ರಿ ಕಳೆಯಬೇಕು. ಆಗ ಆ ಬಾಲಕಿಯ ಮನಸ್ಸಿನಲ್ಲಿ ಏಳುವ ಆಸೆ ಒಂದೇ: ಇಲ್ಲಿ ಕಣ್ಣು ಮುಚ್ಚಿ ಅಲ್ಲಿ ಕಣ್ಣು ತೆರೆಯುವಂತಿದ್ದರೆ!

ಇದು ಅವಳೊಬ್ಬಳ ಆಸೆಯಲ್ಲ. ಅಗಲಿಕೆಯ ನೋವನ್ನು ಬಲ್ಲ ಮನುಷ್ಯಕುಲವೆಲ್ಲ ಇದನ್ನು ಕಂಡಿದೆ. ಕವಿಗಳೂ ಕಥೆಗಾರರೂ ಅದಕ್ಕೆ ರೂಪ ಕೊಟ್ಟಿದ್ದಾರೆ. ಇದೇ ಕಡೂರು ತಾಲ್ಲೂಕಿನ ದೇವನೂರಿನ ಕವಿ ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ, ಘಟೋತ್ಕಚನ ಮಗನಾದ ಮೇಘನಾದನು ಯೌವನಾಶ್ವನ ಕುದುರೆಯನ್ನು ಮಾಯೆಯ ಬಲದಿಂದ ಆಕಾಶಕ್ಕೆ ಒಯ್ಯುತ್ತಾನೆ. ಆದರೆ ಅಲ್ಲಿ ಕುದುರೆಯು ಆಕಾಶಮಾರ್ಗದಲ್ಲಿ ಸಾಗುತ್ತದೆ. ನಡುವಿನ ದಾರಿ ಇದ್ದೇ ಇದೆ. ಇಂದಿನ ವಿಜ್ಞಾನ ಕಥೆಗಳ ಕಲ್ಪನೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅದರಲ್ಲಿ ನಡುವಿನ ದಾರಿಯೇ ಇಲ್ಲ. ಪ್ರಯಾಣಿಕನು ಒಂದು ಕೋಣೆಯಲ್ಲಿ ಮರೆಯಾಗುತ್ತಾನೆ, ದೂರದ ಇನ್ನೊಂದು ಕೋಣೆಯಲ್ಲಿ ಮೂಡುತ್ತಾನೆ. ಇದಕ್ಕೆ 'ಟೆಲಿಪೋರ್ಟೇಷನ್' ಎಂದು ಹೆಸರು. ಅಮೆರಿಕದ ಲೇಖಕ ಚಾರ್ಲ್ಸ್ ಫೋರ್ಟ್ 1931ರಲ್ಲಿ ತನ್ನ ಪುಸ್ತಕವೊಂದರಲ್ಲಿ ಈ ಪದವನ್ನು ಬಳಕೆಗೆ ತಂದನು. ಕನ್ನಡದಲ್ಲಿ ಇದನ್ನು 'ದೂರಸಾಗಣೆ' ಎಂದು ಕರೆಯಬಹುದು.

1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಆರಂಭವಾಯಿತು. ವಾರಕ್ಕೊಂದು ಹೊಸ ಗ್ರಹದ ಮೇಲೆ ದೊಡ್ಡ ಆಕಾಶನೌಕೆ ಇಳಿಯುವುದನ್ನು ತೋರಿಸಲು ತಯಾರಕರ ಬಳಿ ಹಣ ಸಾಲದಾಗಿತ್ತು. ಆದುದರಿಂದ ನೌಕೆಯಲ್ಲಿದ್ದವರು ಮಿನುಗಿ ಮರೆಯಾಗಿ ನೆಲದ ಮೇಲೆ ಮೂಡುವ ಉಪಾಯವನ್ನು ಹೂಡಿದರು. ಹಣದ ಅಭಾವದಿಂದ ಹುಟ್ಟಿದ ಆ ಉಪಾಯವು ಜಗತ್ತಿನ ಕೋಟ್ಯಂತರ ಮಕ್ಕಳ ಕನಸಾಯಿತು. ಕಥೆಯಲ್ಲಿ ಇದು ಸುಲಭ. ಆದರೆ ಭೌತವಿಜ್ಞಾನವು ಈ ಕನಸನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದೇ ಪ್ರಶ್ನೆಯನ್ನು ಕೇಳತೊಡಗಿದರೆ ಏನಾಗುತ್ತದೆ?

ಮೊದಲನೆಯದು ಲೆಕ್ಕದ ಪ್ರಶ್ನೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂಬ ನಿಯಮವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಅದರ ಎತ್ತರ ಸುಮಾರು 1930 ಮೀಟರ್. ಕಡೂರಿನ ಬಯಲು ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಕೆಳಗಿದೆ. ಬೆಟ್ಟ ಹತ್ತುವವನು ತಾನು ಉಂಡ ಅನ್ನದ ಶಕ್ತಿಯನ್ನು ಹೆಜ್ಜೆಹೆಜ್ಜೆಗೂ ವ್ಯಯಮಾಡಿ ಮೇಲೇರುತ್ತಾನೆ. ಬಯಲಿನಲ್ಲಿ ಮರೆಯಾಗಿ ಶಿಖರದಲ್ಲಿ ಮೂಡುವವನಿಗೆ ಆ ಶಕ್ತಿಯನ್ನು ಕೊಡುವವರು ಯಾರು? ಯಂತ್ರವು ಕೊಡದಿದ್ದರೆ ಅವನ ದೇಹದ ಶಾಖವೇ ಅದನ್ನು ತೆರಬೇಕಾದೀತು. ಲೆಕ್ಕ ಹಾಕಿ ನೋಡಿದರೆ, ಸಾವಿರ ಮೀಟರ್ ಏರಿಕೆಗೆ ದೇಹದ ಉಷ್ಣತೆಯು ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಕುಸಿಯುತ್ತದೆ. 37 ಡಿಗ್ರಿ ಇದ್ದ ಮೈ 34ಕ್ಕೆ ಇಳಿಯುತ್ತದೆ. 35ಕ್ಕಿಂತ ಕಡಿಮೆಯಾದರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ಎಚ್ಚರಿಸುತ್ತಾರೆ. ಹಾಗೆ ಶಿಖರವನ್ನು ಸೇರಿದವನು ಅಲ್ಲಿನ ನೋಟವನ್ನು ಸವಿಯುವ ಸ್ಥಿತಿಯಲ್ಲಿರುವುದಿಲ್ಲ.

ಎತ್ತರದ ಲೆಕ್ಕವಾದ ಮೇಲೆ ವೇಗದ ಲೆಕ್ಕವೂ ಇದೆ. ಭೂಮಿಯು ತನ್ನ ಅಕ್ಷದ ಸುತ್ತ ತಿರುಗುತ್ತಿರುವುದರಿಂದ, ಯಗಟಿಯಲ್ಲಿ ಸುಮ್ಮನೆ ಕುಳಿತವನೂ ವಾಸ್ತವವಾಗಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವದಿಕ್ಕಿಗೆ ಚಲಿಸುತ್ತಿರುತ್ತಾನೆ. ನೆಲವೂ ಗಾಳಿಯೂ ಜೊತೆಯಲ್ಲಿಯೇ ಚಲಿಸುವುದರಿಂದ ಅದು ಅವನ ಅರಿವಿಗೆ ಬಾರದು. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹೋದಂತೆಲ್ಲ ಈ ವೇಗ ಕಡಿಮೆಯಾಗುತ್ತದೆ. ಲಡಾಖಿನ ಲೇಹ್ ಪಟ್ಟಣದಲ್ಲಿ ಅದು ಸೆಕೆಂಡಿಗೆ ಸುಮಾರು 385 ಮೀಟರ್. ಯಗಟಿಯಿಂದ ಒಮ್ಮೆಲೇ ಲೇಹ್‌ಗೆ ಸಾಗಿಸಲ್ಪಟ್ಟವನು ತನ್ನ ಹಳೆಯ ವೇಗವನ್ನು ಹೊತ್ತೇ ಅಲ್ಲಿ ಮೂಡುತ್ತಾನೆ. ಅಂದರೆ ಅಲ್ಲಿನ ನೆಲಕ್ಕೆ ಹೋಲಿಸಿದರೆ ಅವನು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಪೂರ್ವದ ಗೋಡೆಯ ಕಡೆಗೆ ಎಸೆಯಲ್ಪಡುತ್ತಾನೆ! ರೈಲಿನಲ್ಲಿಯೋ ವಿಮಾನದಲ್ಲಿಯೋ ಹೋಗುವವನಿಗೆ ಈ ವ್ಯತ್ಯಾಸವು ದಾರಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಸರಿಹೋಗುತ್ತದೆ. ದಾರಿಯನ್ನು ದೂರುವವರು ಅದು ಮಾಡುವ ಈ ಉಪಕಾರವನ್ನು ಅರಿತಿರುವುದಿಲ್ಲ.

ಈ ಲೆಕ್ಕಗಳನ್ನು ಯಂತ್ರವು ಹೇಗೋ ಸರಿದೂಗಿಸಿತು ಎಂದುಕೊಂಡರೂ ಎರಡನೆಯ ಪ್ರಶ್ನೆ ಕಾದಿರುತ್ತದೆ: ಕಳುಹಿಸುವುದಾದರೂ ಏನನ್ನು? ದೇಹದ ದ್ರವ್ಯವನ್ನೇ ಶಕ್ತಿಯನ್ನಾಗಿ ಮಾರ್ಪಡಿಸಿ ಕಿರಣವಾಗಿ ಕಳುಹಿಸಬಹುದೆಂದು ಕೆಲವು ಕಥೆಗಳು ಹೇಳುತ್ತವೆ. ದ್ರವ್ಯ ಮತ್ತು ಶಕ್ತಿ ಒಂದೇ ಎಂಬುದನ್ನು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಆ ಸೂತ್ರದಂತೆ 70 ಕಿಲೋಗ್ರಾಂ ತೂಕದ ಒಂದು ದೇಹವು ಪೂರ್ಣವಾಗಿ ಶಕ್ತಿಯಾದರೆ, ಹಿರೋಷಿಮಾ ನಗರವನ್ನು ನಾಶಗೊಳಿಸಿದ ಬಾಂಬಿನಂತಹ ಸುಮಾರು ಒಂದು ಲಕ್ಷ ಬಾಂಬುಗಳ ಶಕ್ತಿ ಹೊರಹೊಮ್ಮುತ್ತದೆ. ಒಬ್ಬ ಪ್ರಯಾಣಿಕನನ್ನು ಕಳುಹಿಸಲು ಹೋಗಿ ನಾಡನ್ನೇ ಸುಟ್ಟಂತಾದೀತು.

ಆದುದರಿಂದ ಇನ್ನೊಂದು ಉಪಾಯವನ್ನು ಯೋಚಿಸಬೇಕಾಗುತ್ತದೆ. ದ್ರವ್ಯವನ್ನು ಕಳುಹಿಸದೆ ಅದರ ವಿವರವನ್ನು ಮಾತ್ರ ಕಳುಹಿಸಿದರೆ ಸಾಲದೆ? ಭಾರತದಲ್ಲಿ 2013ರ ಜುಲೈವರೆಗೂ ತಂತಿಸೇವೆ ಇತ್ತು. ಒಂದು ಊರಿನ ತಂತಿ ಕಚೇರಿಯಲ್ಲಿ ಬರೆದುಕೊಟ್ಟ ಕಾಗದವು ಅಲ್ಲಿಯೇ ಉಳಿಯುತ್ತಿತ್ತು. ಅದರ ಅಕ್ಷರಗಳು ಮಾತ್ರ ತಂತಿಯಲ್ಲಿ ಸಾಗಿ, ಇನ್ನೊಂದು ಊರಿನಲ್ಲಿ ಬೇರೊಂದು ಕಾಗದದ ಮೇಲೆ ಮೂಡುತ್ತಿದ್ದವು. ಹಾಗೆಯೇ ಮನುಷ್ಯನ ದೇಹದಲ್ಲಿ ಯಾವ ಪರಮಾಣು ಎಲ್ಲಿದೆ ಎಂಬುದನ್ನು ಬರೆದು ಕಳುಹಿಸಿ, ಅಲ್ಲಿರುವ ಇಂಗಾಲ, ಜಲಜನಕ, ಆಮ್ಲಜನಕಗಳಿಂದಲೇ ಅವನನ್ನು ಮತ್ತೆ ಕಟ್ಟಬಹುದೆಂಬುದು ಈ ವಾದ.

ಕೇಳಲು ಇದು ಸೊಗಸಾಗಿದೆ. ಆದರೆ ಆ ತಂತಿಯ ಉದ್ದವೆಷ್ಟು? ಒಬ್ಬ ವಯಸ್ಕನ ದೇಹದಲ್ಲಿ ಇರುವ ಪರಮಾಣುಗಳ ಸಂಖ್ಯೆ ಸುಮಾರು 7ರ ಮುಂದೆ 27 ಸೊನ್ನೆಗಳನ್ನು ಬರೆದಷ್ಟು. ಪ್ರತಿಯೊಂದು ಪರಮಾಣುವಿನ ವಿವರಕ್ಕೆ ಕೇವಲ ನೂರು ಬಿಟ್‌ಗಳು ಸಾಕೆಂದು ಉದಾರವಾಗಿ ಒಪ್ಪಿಕೊಳ್ಳಬಹುದು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಬಿಟ್‌ಗಳನ್ನು ಸಾಗಿಸುವ ಮಾರ್ಗವೂ ದೊರೆಯಿತೆಂದುಕೊಳ್ಳಬಹುದು. ಆಗಲೂ ಒಬ್ಬ ವ್ಯಕ್ತಿಯ ವಿವರ ಪೂರ್ಣವಾಗಿ ಹೋಗಿ ಸೇರಲು ಸುಮಾರು 2200 ಕೋಟಿ ವರ್ಷಗಳು ಬೇಕು. ಇಡೀ ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಅಷ್ಟರಲ್ಲಿ ಬಾಲಕಿಯು ಯಗಟಿಯಿಂದ ಬೆಂಗಳೂರಿಗೆ ನಡೆದೇ ಹೋಗಿ ಬರಬಹುದಾಗಿತ್ತು!

ವಿವರದಲ್ಲಿ ತಪ್ಪು ನುಸುಳಿದರೂ ಕೇಡೇ. 1957ರಲ್ಲಿ ಜಾರ್ಜ್ ಲ್ಯಾಂಗೆಲಾನ್ ಎಂಬ ಲೇಖಕನು ಬರೆದ ಕಥೆಯಲ್ಲಿ ವಿಜ್ಞಾನಿಯೊಬ್ಬನು ಇಂತಹ ಯಂತ್ರದಲ್ಲಿ ಕುಳಿತಾಗ ಒಂದು ನೊಣವೂ ಅವನೊಡನೆ ಒಳಸೇರುತ್ತದೆ. ಹೊರಗೆ ಬಂದಾಗ ಮನುಷ್ಯನ ಅಂಗಗಳೂ ನೊಣದ ಅಂಗಗಳೂ ಅದಲುಬದಲಾಗಿರುತ್ತವೆ. ಕಥೆ ಭಯಂಕರವಾದರೂ ಅದರೊಳಗಿನ ಮಾತು ನಿಜ: ನಕಲಿನಲ್ಲಿ ತಪ್ಪಿದರೆ ತಂತಿಯ ಒಂದು ಅಕ್ಷರ ಕೆಟ್ಟಂತಲ್ಲ, ಒಂದು ಜೀವವೇ ಕೆಟ್ಟಂತೆ.

ಮೂರನೆಯ ಅಡ್ಡಿಯು ಇನ್ನೂ ಆಳವಾದುದು. ಮೇಲಿನ ಅಡ್ಡಿಗಳನ್ನೆಲ್ಲ ಮುಂದೊಂದು ದಿನ ಮನುಷ್ಯನ ಜಾಣ್ಮೆ ದಾಟೀತೆಂದು ಆಶಿಸಬಹುದು. ಇದನ್ನು ಹಾಗೆ ದಾಟಲಾಗದು. ಕಣವೊಂದರ ಸ್ಥಾನವನ್ನು ಖಚಿತವಾಗಿ ಅಳೆದಂತೆಲ್ಲ ಅದರ ಸಂವೇಗದ ಖಚಿತತೆ ಕಡಿಮೆಯಾಗುತ್ತದೆ ಎಂದು ಜರ್ಮನಿಯ ಹೈಸೆನ್‌ಬರ್ಗ್ 1927ರಲ್ಲಿ ತೋರಿಸಿದರು. ಇದು ಉಪಕರಣದ ದೋಷವಲ್ಲ, ನಿಸರ್ಗದ ನಿಯಮ. ಅಜ್ಞಾತ ಸ್ಥಿತಿಯಲ್ಲಿರುವ ಒಂದು ಕಣದ ನಿಖರವಾದ ನಕಲನ್ನು, ಮೂಲವು ಹಾಗೆಯೇ ಉಳಿಯುವಂತೆ, ಮಾಡಲು ಸಾಧ್ಯವೇ ಇಲ್ಲ ಎಂದು 1982ರಲ್ಲಿ ಸಿದ್ಧವಾಯಿತು. ಒಂದು ಫೋಟಾನನ್ನೇ ನಕಲು ಮಾಡಲು ಒಪ್ಪದ ನಿಸರ್ಗ, ಮನುಷ್ಯನ ಒಂದೊಂದು ಕಣವನ್ನೂ ನಕಲು ಮಾಡಲು ಒಪ್ಪೀತೆ?

ಇಲ್ಲಿಗೆ ಕನಸು ಮುಗಿಯಿತೆಂದು ತೋರಬಹುದು. ಆದರೆ ವಿಜ್ಞಾನದ ಇತಿಹಾಸದಲ್ಲಿ ಮುಚ್ಚಿದ ಬಾಗಿಲೇ ಹೊಸ ದಾರಿಯನ್ನು ತೋರಿಸಿದ ಪ್ರಸಂಗಗಳು ಅನೇಕ. 1993ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಅವರ ಐವರು ಸಂಗಡಿಗರು ಒಂದು ವಿಸ್ಮಯಕರ ಪ್ರಬಂಧವನ್ನು ಪ್ರಕಟಿಸಿದರು. ಕಣದ ಸ್ಥಿತಿಯನ್ನು ನಕಲು ಮಾಡಲಾಗದಿದ್ದರೂ, ಅದನ್ನು ಒಂದೆಡೆಯಿಂದ ಅಳಿಸಿ ಮತ್ತೊಂದೆಡೆ ಮೂಡಿಸಬಹುದು ಎಂಬುದು ಅದರ ಸಾರ. ಕಥೆಗಾರರ ಪದವನ್ನೇ ಎರವಲು ಪಡೆದು ಅವರು ಇದನ್ನು 'ಕ್ವಾಂಟಮ್ ಟೆಲಿಪೋರ್ಟೇಷನ್' ಎಂದು ಕರೆದರು.

ಇದರ ಕೀಲಿಕೈ ಇರುವುದು ಹೆಣೆದುಕೊಂಡ ಕಣಗಳ ಜೋಡಿಯಲ್ಲಿ. ಒಂದು ಜೊತೆ ಚಪ್ಪಲಿಯಲ್ಲಿ ಒಂದನ್ನು ಕಡೂರಿನಲ್ಲಿ ಬಿಟ್ಟು ಇನ್ನೊಂದನ್ನು ಚೀಲದಲ್ಲಿಟ್ಟು ಬೆಂಗಳೂರಿಗೆ ಒಯ್ದರೆ, ಚೀಲ ಬಿಚ್ಚಿ ಬಲಗಾಲಿನದೆಂದು ಕಂಡೊಡನೆ ಕಡೂರಿನಲ್ಲಿರುವುದು ಎಡಗಾಲಿನದೆಂದು ತಿಳಿಯುತ್ತದೆ. ಹೆಣೆದ ಕಣಗಳ ನಂಟು ಮೇಲುನೋಟಕ್ಕೆ ಹೀಗೆಯೇ ಇದೆ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಚಪ್ಪಲಿಯ ಎಡಬಲಗಳು ಮೊದಲೇ ನಿಶ್ಚಿತವಾಗಿದ್ದವು. ಕಣಗಳ ಗುಣವಾದರೋ ಅಳೆಯುವವರೆಗೂ ನಿಶ್ಚಿತವಾಗಿರುವುದಿಲ್ಲ. ಈ ವ್ಯತ್ಯಾಸವನ್ನು ಪರೀಕ್ಷಿಸುವ ವಿಧಾನವನ್ನು 1964ರಲ್ಲಿ ಜಾನ್ ಬೆಲ್ ತೋರಿಸಿಕೊಟ್ಟರು. ಅಂತಹ ಪ್ರಯೋಗಗಳನ್ನು ನಡೆಸಿದ ಅಲೇನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಜೈಲಿಂಗರ್ ಅವರಿಗೆ 2022ರ ನೊಬೆಲ್ ಪಾರಿತೋಷಕ ದೊರೆಯಿತು.

ಸಾಗಣೆಯ ಕ್ರಮ ಹೀಗಿದೆ. ಹೆಣೆದ ಜೋಡಿಯ ಒಂದು ಕಣ ಕಳುಹಿಸುವವನ ಬಳಿ, ಇನ್ನೊಂದು ಪಡೆಯುವವನ ಬಳಿ ಇರುತ್ತದೆ. ಕಳುಹಿಸಬೇಕಾದ ಸ್ಥಿತಿಯನ್ನು ಹೊತ್ತ ಮೂರನೆಯ ಕಣವನ್ನೂ ತನ್ನ ಬಳಿಯ ಕಣವನ್ನೂ ಕಳುಹಿಸುವವನು ಒಟ್ಟಾಗಿ ಅಳೆಯುತ್ತಾನೆ. ಆ ಅಳತೆಯಲ್ಲಿ ಮೂಲಸ್ಥಿತಿಯು ಅಳಿಸಿಹೋಗುತ್ತದೆ. ಅಳತೆಗೆ ನಾಲ್ಕು ಉತ್ತರಗಳಲ್ಲಿ ಒಂದು ಬರುತ್ತದೆ. ಆ ಉತ್ತರವನ್ನು ಅವನು ದೂರವಾಣಿಯಿಂದಲೋ ರೇಡಿಯೋ ತರಂಗದಿಂದಲೋ ತಿಳಿಸಬೇಕು. ಅದರಂತೆ ಪಡೆಯುವವನು ತನ್ನ ಕಣವನ್ನು ತಿದ್ದಿದರೆ, ಮೂಲಸ್ಥಿತಿಯು ಅದರಲ್ಲಿ ಯಥಾವತ್ತಾಗಿ ಮೂಡುತ್ತದೆ. ಸುದ್ದಿಯು ಬಾರದಿದ್ದರೆ ಅವನ ಕೈಯಲ್ಲಿರುವುದು ಅರ್ಥವಿಲ್ಲದ ಒಂದು ಕಣ ಮಾತ್ರ. ಸುದ್ದಿಯು ಬೆಳಕಿಗಿಂತ ವೇಗವಾಗಿ ಸಾಗಲಾರದಾದ ಕಾರಣ, ಈ ಸಾಗಣೆಯೂ ಬೆಳಕನ್ನು ಹಿಂದಿಕ್ಕಲಾರದು.

1997ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಜೈಲಿಂಗರ್ ಅವರ ತಂಡವು ಫೋಟಾನುಗಳ ಮೇಲೆ ಈ ಪ್ರಯೋಗವನ್ನು ನಡೆಸಿ ಪ್ರಕಟಿಸಿತು. 2004ರಲ್ಲಿ ಪರಮಾಣುಗಳ ಅಯಾನುಗಳಲ್ಲಿ ಅದು ಸಾಧ್ಯವಾಯಿತು. 2017ರಲ್ಲಿ ಚೀನದ ವಿಜ್ಞಾನಿಗಳು ಟಿಬೆಟ್ಟಿನ ಎತ್ತರದ ನೆಲೆಯಿಂದ 'ಮೀಷಿಯಸ್' ಎಂಬ ಉಪಗ್ರಹಕ್ಕೆ, 1400 ಕಿಲೋಮೀಟರಿನವರೆಗಿನ ದೂರಕ್ಕೆ, ಫೋಟಾನುಗಳ ಸ್ಥಿತಿಯನ್ನು ಸಾಗಿಸಿದರು.

ಇಂತಹ ಪ್ರಯೋಗಗಳಲ್ಲಿ ಬಳಸುವ ಫೋಟಾನಿನ ಗುಣಗಳಲ್ಲಿ ಧ್ರುವೀಕರಣವು ಮುಖ್ಯವಾದುದು. ಫೋಟಾನಿಗೆ ಒಂದು ಬಗೆಯ ಸ್ವಭ್ರಮಣವುಂಟೆಂದು ಸರ್ ಸಿ. ವಿ. ರಾಮನ್ ಮತ್ತು ಎಸ್. ಭಗವಂತಂ ಅವರು 1931ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ಧ್ರುವೀಕರಣಕ್ಕೂ ಈ ಗುಣಕ್ಕೂ ನಿಕಟವಾದ ನಂಟಿದೆ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಇಂದು ಹೆಣೆದ ಫೋಟಾನುಗಳ ಅಧ್ಯಯನ ನಡೆದಿದೆ. 2021ರಲ್ಲಿ ಆ ಸಂಸ್ಥೆಯ ವಿಜ್ಞಾನಿಗಳು ಇಸ್ರೋ ಸಹಯೋಗದ ಯೋಜನೆಯಲ್ಲಿ, ಎರಡು ಕಟ್ಟಡಗಳ ನಡುವೆ ತೆರೆದ ಗಾಳಿಯಲ್ಲಿ ಕ್ವಾಂಟಮ್ ಸಂವಹನವನ್ನು ನಡೆಸಿ ತೋರಿಸಿದರು. ಭಾರತ ಸರ್ಕಾರವು 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ ಒಪ್ಪಿಗೆ ನೀಡಿತು. ಯಾರೂ ಕದ್ದು ಓದಲಾಗದ ಸಂದೇಶಗಳು, ಹೊಸ ಬಗೆಯ ಗಣಕಯಂತ್ರಗಳು ಈ ವಿದ್ಯೆಯ ಗುರಿ. ಮನುಷ್ಯರನ್ನು ಸಾಗಿಸುವುದು ಇದರ ಗುರಿಯಲ್ಲ.

ಹೆಸರು ಒಂದೇ ಆದರೂ ವಸ್ತು ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಕಥೆಯ ದೂರಸಾಗಣೆಯಲ್ಲಿ ಮನುಷ್ಯನು ಸಾಗುತ್ತಾನೆ. ಪ್ರಯೋಗಾಲಯದ ದೂರಸಾಗಣೆಯಲ್ಲಿ ಒಂದು ಧೂಳಿನ ಕಣವೂ ಸಾಗುವುದಿಲ್ಲ, ಸ್ಥಿತಿ ಮಾತ್ರ ಸಾಗುತ್ತದೆ. ಇದನ್ನು ತಿಳಿಯದೆ, "ವಿಜ್ಞಾನಿಗಳು ಮನುಷ್ಯನನ್ನು ಮಾಯಮಾಡುವ ವಿದ್ಯೆ ಕಂಡುಹಿಡಿದರು" ಎಂದು ಯಾರಾದರೂ ಹೇಳಿದರೆ ನಂಬುವವನು ವಿಜ್ಞಾನಕ್ಕೂ ಕಥೆಗೂ ಅನ್ಯಾಯ ಮಾಡಿದಂತೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಂತ್ರವು ಸಿದ್ಧವಾಯಿತೆಂದೇ ಇಟ್ಟುಕೊಂಡರೆ, ಬೆಂಗಳೂರಿನಲ್ಲಿ ಮೂಡಿದ ಬಾಲಕಿಯು ಯಗಟಿಯಲ್ಲಿ ಮರೆಯಾದ ಬಾಲಕಿಯೇ? ಭಾರತದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಿಂದ ಒಂದು ಹೊಸ ತಿಳಿವು ಮೊಳೆಯಿತು. ಒಂದೇ ಜಾತಿಯ ಕಣಗಳಲ್ಲಿ 'ಇದು', 'ಅದು' ಎಂಬ ಭೇದವಿಲ್ಲ. ಒಂದು ಫೋಟಾನನ್ನು ಇನ್ನೊಂದರಿಂದ ಗುರುತಿಸಲಾಗದು. ಹಾಗಾದರೆ ಮನುಷ್ಯನ ತನ್ನತನ ಇರುವುದು ಕಣಗಳಲ್ಲಲ್ಲ, ಅವುಗಳ ಜೋಡಣೆಯಲ್ಲಿ ಎನ್ನಬೇಕಾಗುತ್ತದೆ. ಹಳೆಯ ಮನೆಯೊಂದರ ಹೆಂಚು, ತೊಲೆ, ಬಾಗಿಲುಗಳನ್ನು ಕಾಲಕಾಲಕ್ಕೆ ಬದಲಿಸಿದ್ದರೂ ಮೊಮ್ಮಕ್ಕಳು ಅದನ್ನು 'ತಾತನ ಮನೆ' ಎಂದೇ ಕರೆಯುತ್ತಾರೆ. ಆದರೆ ಆ ಮನೆಯನ್ನು ಒಂದೇ ಏಟಿಗೆ ಕೆಡವಿ, ಅಂತಹದನ್ನೇ ಬೇರೆ ಊರಿನಲ್ಲಿ ಕಟ್ಟಿದರೆ ಅದೂ ತಾತನ ಮನೆಯೆ? ಅಥವಾ ಹಳೆಯದನ್ನು ಕೆಡವದೆಯೇ ಹೊಸದನ್ನು ಕಟ್ಟಿದರೆ ಯಾವುದು ನಿಜವಾದುದು? ಯಂತ್ರವು ಬಾಲಕಿಯನ್ನು ಅಲ್ಲಿ ಕಟ್ಟಿ, ಇಲ್ಲಿ ಅಳಿಸಲು ಮರೆತರೆ ಇಬ್ಬರು ಬಾಲಕಿಯರಾಗುತ್ತಾರೆ. ಆಗ ಇಲ್ಲಿ ಉಳಿದವಳನ್ನು ಅಳಿಸುವುದು ಪ್ರಯಾಣವೋ, ಕೊಲೆಯೋ? ಯಾವ ತಾಯಿ ಆ ಗುಂಡಿಯನ್ನು ಒತ್ತಿಯಾಳು?

ರಾಜಶೇಖರ ಭೂಸನೂರಮಠರಂತಹವರು ಕನ್ನಡದಲ್ಲಿಯೂ ಬೆಳೆಸಿದ ವಿಜ್ಞಾನ ಕಥಾಸಾಹಿತ್ಯದ ಬೆಲೆ ಇರುವುದು ಇಂತಹ ಪ್ರಶ್ನೆಗಳಲ್ಲಿ. ಕಥೆಯು ಯಂತ್ರವನ್ನು ಕಟ್ಟಿಕೊಡಬೇಕಾಗಿಲ್ಲ. ಯಂತ್ರ ಬಂದರೆ ಮನುಷ್ಯನ ಪಾಡೇನು ಎಂದು ಮೊದಲೇ ಯೋಚಿಸುವಂತೆ ಮಾಡಿದರೆ ಸಾಕು. ವಿಜ್ಞಾನದ ಕೆಲಸ ಬೇರೆ. ಅದು ಆಸೆಯನ್ನು ಅಣಕಿಸುವುದಿಲ್ಲ. ಆಸೆಯ ಮುಂದೆ ಅಳತೆಗೋಲನ್ನು ಇಡುತ್ತದೆ. ನಕಲು ಮಾಡಲಾಗದೆಂಬ ನಿಯಮವನ್ನು ಸೋಲೆಂದು ತಿಳಿದು ಕೈಚೆಲ್ಲಿದ್ದರೆ 1993ರ ದಾರಿ ತೆರೆಯುತ್ತಿರಲಿಲ್ಲ; ಆ ನಿಯಮವನ್ನು ಕಡೆಗಣಿಸಿದ್ದರೂ ತೆರೆಯುತ್ತಿರಲಿಲ್ಲ. ಮಿತಿಯನ್ನು ಸರಿಯಾಗಿ ಅರಿತವರೇ ಅದರ ಒಳಗಿನಿಂದ ಹೊಸದನ್ನು ಕಂಡರು.

ಯಗಟಿಯ ಬಾಲಕಿಯ ದನಿಯೂ ಮುಖವೂ ಆ ರಾತ್ರಿಯೇ ದೂರವಾಣಿಯ ತೆರೆಯ ಮೇಲೆ ಅಜ್ಜಿಯನ್ನು ತಲುಪಬಲ್ಲವು. ಬೆಳಕಿನ ವೇಗಕ್ಕೆ ಇನ್ನೂರು ಕಿಲೋಮೀಟರ್ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ದಾರಿಯೂ ಅಲ್ಲ. ವಿವರವು ಹೀಗೆ ಕ್ಷಣಾರ್ಧದಲ್ಲಿ ಹೋಗಿ ಮುಟ್ಟುತ್ತದೆ. ಆದರೆ ಅಜ್ಜಿಯ ಹಣೆಯ ಮೇಲೆ ಇಡಬೇಕಾದ ಕೈ ಮಾತ್ರ ಬೆಳಗಿನ ಬಸ್ಸಿನಲ್ಲಿಯೇ ಹೋಗಬೇಕು.

ಅಭ್ಯಾಸ

1. ಲಕ್ಷ್ಮೀಶನ ಕಾವ್ಯದ ಕುದುರೆಯ ಪ್ರಯಾಣಕ್ಕೂ ವಿಜ್ಞಾನ ಕಥೆಗಳ ದೂರಸಾಗಣೆಗೂ ಇರುವ ವ್ಯತ್ಯಾಸವೇನು?
2. ಬಯಲಿನಿಂದ ಮುಳ್ಳಯ್ಯನಗಿರಿಗೆ ಒಮ್ಮೆಲೇ ಸಾಗಿಸಲ್ಪಟ್ಟವನ ಮೈ ತಣ್ಣಗಾಗುವುದೇಕೆ?
3. ತಂತಿಸೇವೆಯ ಹೋಲಿಕೆಯಿಂದ ಯಾವ ವಿಷಯವನ್ನು ವಿವರಿಸಲಾಗಿದೆ?
4. ಕ್ವಾಂಟಮ್ ದೂರಸಾಗಣೆಯು ಬೆಳಕಿಗಿಂತ ವೇಗವಾಗಿ ನಡೆಯಲಾರದು. ಕಾರಣವನ್ನು ತಿಳಿಸಿರಿ.
5. "ಮಿತಿಯನ್ನು ಸರಿಯಾಗಿ ಅರಿತವರೇ ಅದರ ಒಳಗಿನಿಂದ ಹೊಸದನ್ನು ಕಂಡರು." ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.